ಅಳುವುದಕ್ಕೂ ಅಪ್ಪಣೆ ಬೇಕೆ?

ಈ ಪತ್ರ ಹಾಸನ ಜಿಲ್ಲೆಯಿಂದ ಬಂದದ್ದು. ಹೆಸರು ಹಾಕಬೇಡಿ ಎಂದು ಬರೆದವರು ಕೇಳಿಕೊಂಡಿದ್ದಾರೆ. ಅವರ ಅತ್ತಿಗೆಗೆ ಸ್ತನ ಕ್ಯಾನ್ಸರ್. ಆಪರೇಷನ್ ಮುಗಿದಿದೆ, ಕಿಮೋ ನಡೆಯುತ್ತಿದೆ. ಅಣ್ಣ ದುಡ್ಡು ಕಟ್ಟಿ ಧನಾತ್ಮಕ ಚಿಂತನೆಯ ಯಾವುದೋ ಶಿಬಿರಕ್ಕೆ ಹೋಗಿಬಂದ ಮೇಲೆ ಮನೆಯಲ್ಲಿ ಹೊಸ ಕಾನೂನು ಬಂದಿದೆಯಂತೆ. ರೋಗದ ಹೆಸರು ಎತ್ತುವಂತಿಲ್ಲ, ಅತ್ತಿಗೆ ಅಳುವಂತಿಲ್ಲ, ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಸಂಪೂರ್ಣ ಆರೋಗ್ಯವಾಗಿದ್ದೇನೆ’ ಎಂದು ಹೇಳಿಕೊಳ್ಳಬೇಕು. ಕಿಮೋ ಆದ ಮೂರನೇ ದಿನ ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುತ್ತ ಕೂತಿದ್ದವರಿಗೆ, ‘ಬರೀ ನೆಗೆಟಿವ್ ಯೋಚ್ನೆ ಮಾಡ್ತೀಯ, ಅದಕ್ಕೇ ಹಿಂಗಾಗೋದು’ ಎಂದರಂತೆ. ಪತ್ರದಲ್ಲಿರುವ ಪ್ರಶ್ನೆ ಎರಡು. ಧನಾತ್ಮಕ ಚಿಂತನೆಯಿಂದ ರೋಗ ವಾಸಿಯಾಗುತ್ತದೆಯೇ? ಅತ್ತಿಗೆಯ ಭಯವೇ ರೋಗವನ್ನು ಹೆಚ್ಚು ಮಾಡುತ್ತಿದೆಯೇ? ಕೊನೆಯಲ್ಲಿ, ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿರುವ ಮಗ ಸೋದರಮಾವನ ಮಾತು ಕೇಳಿ ಗೋಡೆಗೆ ಪೊಲೀಸ್ ಅಧಿಕಾರಿಯ ಚಿತ್ರ ಅಂಟಿಸಿಕೊಂಡಿರುವ ಸಂಗತಿಯೂ ಇದೆ.

ಪ್ರಿಯ ಸೋದರಿ,

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅತ್ತಿಗೆಗೆ ಬೇಕಾಗಿರುವುದು ಅದು. ಇಲ್ಲ. ಅವರ ಭಯ ಅವರ ಗಡ್ಡೆಯನ್ನು ಬೆಳೆಸುತ್ತಿಲ್ಲ. ಈ ಮಾತನ್ನು ಅವರ ಮುಂದೆಯೇ ಓದಿ ಹೇಳಿ.

‘ಹೋರಾಡುವ ಛಲ ಇದ್ದವರು ಕ್ಯಾನ್ಸರ್ ಗೆಲ್ಲುತ್ತಾರೆ’ ಎಂಬ ಮಾತಿಗೂ ಒಂದು ಹಿನ್ನೆಲೆ ಇದೆ. ಛಲ ತೋರಿದ ಹೆಂಗಸರು ಹೆಚ್ಚು ಕಾಲ ಬದುಕಿದರೆಂದು 1979ರಲ್ಲಿ ಲಂಡನ್ನಿನ ಒಂದು ಚಿಕ್ಕ ಅಧ್ಯಯನ ಹೇಳಿತ್ತು. ಅದು ಊರೆಲ್ಲ ಹರಡಿತು. ಇಪ್ಪತ್ತು ವರ್ಷಗಳ ನಂತರ, 1999ರಲ್ಲಿ, ಬ್ರಿಟನ್ನಿನಲ್ಲೇ 578 ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಐದು ವರ್ಷದ ಉಳಿವಿನ ಮೇಲೆ ಛಲದ ಪರಿಣಾಮ ಏನೂ ಕಾಣಲಿಲ್ಲ. ಈ ಸುದ್ದಿ ಮಾತ್ರ ಶಿಬಿರಗಳ ತನಕ ಹೋಗಲಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಮಂದಿಯ ಲೆಕ್ಕ ತೆಗೆದರು. ಅವರಲ್ಲಿ 646 ಮಂದಿ ತೀರಿಕೊಂಡಿದ್ದರು. ಮನಸ್ಸು ನೆಮ್ಮದಿಯಾಗಿದ್ದವರಿಗೂ ಇಲ್ಲದವರಿಗೂ ಆಯಸ್ಸಿನಲ್ಲಿ ವ್ಯತ್ಯಾಸ ಸಿಗಲಿಲ್ಲ.

ಒಂದು ವಿಷಯ ಮುಚ್ಚಿಡಬಾರದು. ಆ 1999ರ ಅಧ್ಯಯನದಲ್ಲಿ, ಎಲ್ಲ ಆಸೆ ಬಿಟ್ಟು ಕೈಚೆಲ್ಲಿದವರಲ್ಲಿ ಅಪಾಯ ಒಂದಿಷ್ಟು ಹೆಚ್ಚು ಕಂಡಿತ್ತು. ಆದರೆ ವಾಂತಿ ಆದಾಗ ಅಳುವುದು, ರಿಪೋರ್ಟ್ ಬರುವ ಮುಂಚೆ ನಿದ್ದೆ ಬಾರದಿರುವುದು ಕೈಚೆಲ್ಲಿದ್ದರ ಗುರುತೇನಲ್ಲ. ಊಟ, ಮಾತು, ಚಿಕಿತ್ಸೆ ಎಲ್ಲವೂ ಬೇಡವಾಗಿ ವಾರಗಟ್ಟಲೆ ಗೋಡೆ ನೋಡುತ್ತ ಮಲಗಿದರೆ ಅದು ಖಿನ್ನತೆ. ಅದಕ್ಕೆ ಔಷಧವಿದೆ, ಆಪ್ತಸಮಾಲೋಚನೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕನ್ನಡಿ ಮುಂದಿನ ಮಂತ್ರ ಅದಕ್ಕೆ ಮದ್ದಲ್ಲ.

ಹಾಗಾದರೆ ಮನಸ್ಸಿಗೂ ದೇಹಕ್ಕೂ ಸಂಬಂಧವೇ ಇಲ್ಲವೇ ಎಂದು ನಿಮ್ಮಣ್ಣ ಕೇಳುತ್ತಾರೆ. ಇದೆ. 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ದವಡೆ ಹಲ್ಲು ಕೀಳಿಸಿಕೊಂಡವರಿಗೆ ಸತ್ವವಿಲ್ಲದ ಮದ್ದನ್ನು ನೋವಿನ ಔಷಧವೆಂದು ಕೊಟ್ಟರು. ಕೆಲವರಿಗೆ ನೋವು ನಿಜಕ್ಕೂ ಇಳಿಯಿತು. ಆಮೇಲೆ ಅಫೀಮಿನಂಥ ವಸ್ತುಗಳ ಕೆಲಸ ತಡೆಯುವ ನಲೋಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಏರಿತು. ಅಂದರೆ ನಂಬಿಕೆಯ ಬಲದ ಮೇಲೆ ಮಿದುಳು ತನ್ನದೇ ನೋವುಶಾಮಕವನ್ನು ಸುರಿಸಿಕೊಂಡಿತ್ತು. ಇದನ್ನು ಬರೀ ಭ್ರಮೆ ಎಂದು ತಳ್ಳಿಹಾಕುವ ವಿಚಾರವಾದಿ ಮಿತ್ರರ ಜತೆಗೂ ನನ್ನದು ಜಗಳವೇ.

ನನಗೆ ತುಂಬ ಮುಖ್ಯವೆನಿಸಿದ್ದು ಅಸ್ತಮಾದ ಮೇಲೆ ಬಾಸ್ಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ. ಅದೇ ರೋಗಿಗಳಿಗೆ ಬೇರೆ ಬೇರೆ ಸಲ ನಾಲ್ಕು ಬಗೆ ಮಾಡಿ ನೋಡಿದರು: ನಮ್ಮಲ್ಲಿ ಸಾಲ್ಬುಟಮಾಲ್ ಎನ್ನುವ ಔಷಧದ ನಿಜವಾದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಸೂಜಿ ಚುಚ್ಚಿದಂತೆ ತೋರಿಸುವ ಸುಳ್ಳು ಆಕ್ಯುಪಂಕ್ಚರ್, ಮತ್ತು ಏನೂ ಕೊಡದೆ ಸುಮ್ಮನೆ ಕೂರಿಸುವುದು. ಹೇಗಿದ್ದೀರಿ ಎಂದು ಕೇಳಿದರೆ, ನಿಜವಾದ ಔಷಧಕ್ಕೆ ಶೇ 50ರಷ್ಟು ಸುಧಾರಣೆ ಎಂದರು. ಖಾಲಿ ಇನ್‌ಹೇಲರ್‌ಗೆ ಶೇ 45, ಸುಳ್ಳು ಸೂಜಿಗೆ ಶೇ 46. ಸುಮ್ಮನೆ ಕೂತಿದ್ದಕ್ಕೆ ಶೇ 21. ಇಷ್ಟಕ್ಕೇ ನಿಲ್ಲಿಸಿದರೆ ಶಿಬಿರದವರಿಗೆ ಹಬ್ಬ. ಆದರೆ ಆ ರೋಗಿಗಳ ಕೈಗೆ ಯಂತ್ರ ಕೊಟ್ಟು ಊದಿಸಿ, ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆಂದು ಅಳೆದರು. ನಿಜವಾದ ಔಷಧದಿಂದ ಶೇ 20ರಷ್ಟು ಹೆಚ್ಚು ಬಂತು. ಉಳಿದ ಮೂರಕ್ಕೂ ಸುಮಾರು ಶೇ 7. ಖಾಲಿ ಇನ್‌ಹೇಲರಿಗೂ ಸುಮ್ಮನೆ ಕೂತಿದ್ದಕ್ಕೂ ಶ್ವಾಸನಾಳದ ಮಟ್ಟಿಗೆ ವ್ಯತ್ಯಾಸವೇ ಇರಲಿಲ್ಲ. ಉಸಿರು ಹಗುರಾಯಿತು ಎಂದು ರೋಗಿ ಪ್ರಾಮಾಣಿಕವಾಗಿ ಹೇಳುತ್ತಿದ್ದಾಗಲೂ ನಾಳಗಳು ಬಿಗಿದುಕೊಂಡೇ ಇದ್ದವು.

ನೋವು, ಸುಸ್ತು, ಸಂಕಟ, ಅಂದರೆ ನಾವು ಅನುಭವಿಸುವುದರ ಮೇಲೆ ಮನಸ್ಸಿನ ಹಿಡಿತ ದೊಡ್ಡದು. ಗಡ್ಡೆ, ಸೋಂಕು, ಕಟ್ಟಿಕೊಂಡ ರಕ್ತನಾಳ ಇವುಗಳ ಮೇಲೆ ಅಂಥ ಹಿಡಿತಕ್ಕೆ ಪುರಾವೆ ಸಿಕ್ಕಿಲ್ಲ. ಆಶಾವಾದಿಗಳಿಗೆ ಹೃದಯಾಘಾತ ಕಡಿಮೆ ಎನ್ನುವ ದೊಡ್ಡ ಸಮೀಕ್ಷೆಗಳಿವೆ, ನಿಜ. ಆದರೆ ಆಶಾವಾದಿಗಳು ಸಿಗರೇಟು ಕಡಿಮೆ ಸೇದುತ್ತಾರೆ, ಹೆಚ್ಚು ಓಡಾಡುತ್ತಾರೆ. ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿ 2016ರಲ್ಲಿ ಬಂದ ವರದಿ, ಮೊದಲೇ ಇದ್ದ ಕಾಯಿಲೆ, ಸಿಗರೇಟು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಸಂತೋಷದಿಂದ ಇದ್ದವರ ಸಾವಿನ ಪ್ರಮಾಣವೂ ಇಲ್ಲದವರದ್ದೂ ಒಂದೇ ಎಂದಿತು. ಕಾಯಿಲೆ ಬಂದವರು ಸಪ್ಪಗಾಗುತ್ತಾರೆ. ಸಪ್ಪಗಿದ್ದದ್ದಕ್ಕೆ ಕಾಯಿಲೆ ಬಂತು ಎಂದು ನಾವು ಉಲ್ಟಾ ಓದಿಕೊಳ್ಳುತ್ತೇವೆ.

ಈಗ ಆ ವಾಂತಿಯ ಮಾತು. ಕಿಮೋ ಔಷಧ ಕರುಳಿನ ಕೆಲವು ಜೀವಕೋಶಗಳಿಂದ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಡಿಸುತ್ತದೆ. ಅದು ನರದ ಮೂಲಕ ಮಿದುಳಿನ ವಾಂತಿ ಕೇಂದ್ರವನ್ನು ಎಬ್ಬಿಸುತ್ತದೆ. ಆಂಡಾನ್ಸೆಟ್ರಾನ್ ಮಾತ್ರೆ ತಡೆಯುವುದು ಇದನ್ನೇ. ಎರಡು ಮೂರು ದಿನ ಬಿಟ್ಟು ಬರುವ ವಾಂತಿಯ ಹಿಂದೆ ಹೆಚ್ಚಾಗಿ ಬೇರೆ ರಾಸಾಯನಿಕದ ಕೈವಾಡ, ಅದಕ್ಕೆ ಬೇರೆ ಮಾತ್ರೆಯೂ ಇದೆ. ಮೂರನೇ ದಿನ ವಾಂತಿಯಾಯಿತೆಂದು ಡಾಕ್ಟರಿಗೆ ಹೇಳಿದರೆ ಮುಂದಿನ ಸಲ ಔಷಧ ಬದಲಿಸಬಹುದು. ಹೇಳಿದರೆ ನೆಗೆಟಿವ್ ಎನಿಸಿಕೊಳ್ಳುವ ಮನೆಯಲ್ಲಿ ಯಾರು ಹೇಳುತ್ತಾರೆ? ನನಗೆ ನಿಜಕ್ಕೂ ದಿಗಿಲು ಹುಟ್ಟಿಸುವುದು ಇದು. ಕಿಮೋ ಸಮಯದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣಗಳು ಕುಸಿದಿರುತ್ತವೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ‘ನಾನು ಸಂಪೂರ್ಣ ಆರೋಗ್ಯವಾಗಿದ್ದೇನೆ’ ಎಂದು ಬೆಳಿಗ್ಗೆ ಹೇಳಿಸಿಕೊಂಡವರು, ರಾತ್ರಿ ಮೈ ಸುಡುತ್ತಿದೆ ಎನ್ನಲು ಹಿಂಜರಿದರೆ?

ರೋಗದ ಹೆಸರು ಎತ್ತಬಾರದೆಂಬ ನಿಯಮ ಶಿಬಿರದವರ ಆವಿಷ್ಕಾರವೇನಲ್ಲ ಬಿಡಿ. ಮುಸ್ಸಂಜೆ ಹೊತ್ತು ಕೆಟ್ಟದ್ದು ಆಡಬೇಡ, ಅಶ್ವಿನಿ ದೇವತೆಗಳು ಅಸ್ತು ಅಂದುಬಿಡ್ತಾರೆ ಎಂದು ನಮ್ಮ ಅಜ್ಜಿಯಂದಿರು ಪುಕ್ಕಟೆ ಹೇಳಿಕೊಡುತ್ತಿದ್ದರು. ಅವರು ಕಾಯಿಲೆ ಬಿದ್ದವರನ್ನು ಇದು ನಿನ್ನ ತಪ್ಪು ಎಂದು ಹಂಗಿಸುತ್ತಿದ್ದದ್ದನ್ನು ಮಾತ್ರ ನಾನು ಕಂಡಿಲ್ಲ.

ಮಗನ ಚಿತ್ರದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಗೇಬ್ರಿಯಲ್ ಓಟಿಂಗನ್ ಎಂಬ ಮನೋವಿಜ್ಞಾನಿ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಜರ್ಮನಿಯ ವಿದ್ಯಾರ್ಥಿಗಳನ್ನು ಎರಡು ವರ್ಷ ಗಮನಿಸಿದರು. ಒಳ್ಳೆಯ ಕೆಲಸದ ಹಗಲುಗನಸಲ್ಲಿ ಹೆಚ್ಚು ಮುಳುಗಿದವರು ಕಡಿಮೆ ಅರ್ಜಿ ಹಾಕಿದ್ದರು, ಅವರ ಸಂಬಳವೂ ಕಡಿಮೆ ಇತ್ತು. ನನಗೆ ಕೆಲಸ ಸಿಕ್ಕೀತು ಎಂಬ ನಿರೀಕ್ಷೆ ಇದ್ದವರು ಮುಂದೆ ಬಂದಿದ್ದರು. ಕನಸಿನ ಜತೆಗೆ ಅಡ್ಡಿಯನ್ನೂ ಕಣ್ಣ ಮುಂದೆ ತಂದುಕೊಳ್ಳಿ ಎನ್ನುವುದು ಆಕೆಯ ಸಲಹೆ. ಚಿತ್ರ ಗೋಡೆಯಲ್ಲೇ ಇರಲಿ. ಪಕ್ಕದಲ್ಲಿ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪಿದ ಲೆಕ್ಕಗಳ ಪಟ್ಟಿಯೂ ಇರಲಿ.

ನಿಮ್ಮಣ್ಣನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಹೆದರಿದ್ದಾರೆ, ಏನಾದರೂ ಮಾಡಬೇಕೆಂಬ ತಳಮಳ ಅವರದು. ಅವರ ಕೈಗೊಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಕೊಡಿ. ಜ್ವರ ಎಷ್ಟು, ವಾಂತಿ ಎಷ್ಟು ಸಲ, ಏನು ತಿಂದರು, ಯಾವ ಮಾತ್ರೆಗೆ ನಿಂತಿತು ಎಂದು ದಿನವೂ ಬರೆಯಲಿ. ಮುಂದಿನ ಕಿಮೋಗೆ ಅವರೇ ಜತೆಗೆ ಹೋಗಿ ಆ ನೋಟ್‌ಬುಕ್ಕನ್ನು ಡಾಕ್ಟರ ಮುಂದಿಡಲಿ. ಅತ್ತಿಗೆಗೆ ಹಾಡು, ಜಪ, ಪ್ರಾರ್ಥನೆ ಯಾವುದು ಹಿತವೋ ಅದನ್ನು ಧಾರಾಳವಾಗಿ ಮಾಡಲಿ. ಕನ್ನಡಿ ಮುಂದೆ ನಿಲ್ಲಬೇಕೋ ಬೇಡವೋ ಎನ್ನುವುದನ್ನು ಅವರೇ ತೀರ್ಮಾನಿಸಲಿ.

— ಸಂಪಾದಕ