ಮಾನಸಿಕ ಕಾಯಿಲೆಗೆ ಮಾತ್ರೆ ಎಲ್ಲರಿಗೂ ಒಂದೇ ಅಲ್ವಾ? ಡಾಕ್ಟರು ಭಾಷೆ, ಜಾತಿ, ಬದುಕು ಯಾಕೆ ತಿಳಿದುಕೊಳ್ಳಬೇಕು?

ಮಾತ್ರೆ ಒಂದೇ ಇರಬಹುದು. ಆದರೆ ಅದನ್ನು ಬರೆಯುವ ಮೊದಲು ಕಾಯಿಲೆ ಏನು ಅಂತ ಗೊತ್ತಾಗಬೇಕಲ್ಲ? ಅದು ಗೊತ್ತಾಗುವುದು ಮಾತಿನಿಂದಲೇ.

ನಮ್ಮ ಕಲಬುರಗಿ ಕಡೆ "ನನಗೆ ಖಿನ್ನತೆ" ಅಂತ ಹೇಳುವವರು ಕಡಿಮೆ. "ಎದಿ ಭಾರ ಆಗ್ಯಾದ, ನಿದ್ದಿ ಹತ್ತಲ್ಲ, ಕೈಕಾಲು ಉರಿತಾವ" ಅಂತಾರೆ. ತಾಂಡಾದ ಹೆಂಗಸು ಇದನ್ನೇ ಲಂಬಾಣಿಯಲ್ಲಿ ಹೇಳುತ್ತಾಳೆ, ದರ್ಗಾ ಓಣಿಯ ಅಜ್ಜಿ ದಖನಿ ಉರ್ದುವಿನಲ್ಲಿ. ಕೇಳುವವರಿಗೆ ತಿಳಿಯದಿದ್ದರೆ ಸುಮ್ನೆ ನೋವಿನ ಮಾತ್ರೆ, ಟಾನಿಕ್ ಕೊಟ್ಟು ಕಳಿಸುತ್ತಾರೆ.

"ಗಾಳಿ ಬಡಿದಿದೆ" ಅಂತ ಗಾಣಗಾಪುರದ ದತ್ತಾತ್ರೇಯ ಗುಡಿಗೆ ಕರೆದೊಯ್ಯುವ ಮನೆಯವರನ್ನು ಬೈಯಲೂಬಾರದು. ಬೈದರೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ದೇವರಿಗೆ ಹೋಗಿ ಬನ್ನಿ, ಮಾತ್ರೆ ಮಾತ್ರ ಬಿಡಬೇಡಿ, ಸರಪಳಿ ಹಾಕಬೇಡಿ ಅನ್ನಬೇಕು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಜಾತಿ, ಧರ್ಮ, ಲಿಂಗ, ಸಂಸ್ಕೃತಿಯ ಭೇದವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ.

ಹಕ್ಕು ಕಾಗದದಲ್ಲಿದ್ದರೆ ಸಾಲದು. ರೋಗಿಯ ಹೊಲದಲ್ಲಿ ತೊಗರಿ ಒಣಗಿ ಸಾಲ ಬೆಳೆದಿರುತ್ತದೆ. ಜಾತಿ ಹೆಸರು ಹಿಡಿದು ಊರಲ್ಲಿ ಅವಮಾನ ಮಾಡಿರುತ್ತಾರೆ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಇದ್ಯಾವುದನ್ನೂ ಕೇಳದೆ "ಜಾಸ್ತಿ ಯೋಚನೆ ಮಾಡಬೇಡಿ" ಅನ್ನುವುದು ನನ್ನ ಪ್ರಕಾರ ಅನ್ಯಾಯವೇ.

ಯಾದಗಿರಿ, ಬೀದರ್ ಹಳ್ಳಿಗಳಿಂದ ಜಿಲ್ಲಾ ಆಸ್ಪತ್ರೆಗೆ ಬರಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.