ದಶಕದ ಒಂದು ಎಲ್ಲಿ ಕೂತಿರುತ್ತದೆ?

ಮೇಷ್ಟ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಐದನೇ ಕ್ಲಾಸಿನ ಹುಡುಗಿ ಬಾಯಿಲೆಕ್ಕದಲ್ಲಿ 48ಕ್ಕೆ 37 ಕೂಡಿಸಿ 75 ಅನ್ನುತ್ತಾಳೆ, ದಶಕದ ಒಂದು ದಾರಿಯಲ್ಲೇ ಬಿದ್ದುಹೋಗುತ್ತದೆ, ಸ್ಲೇಟಿನಲ್ಲಿ ಬರೆದು ಮಾಡಿದರೆ ತಪ್ಪೇ ಇಲ್ಲ ಎಂದಿದ್ದೀರಿ. "ನೆನಪಿನ ಮನೆ ಹಿಪ್ಪೊಕ್ಯಾಂಪಸ್ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಆ ಒಂದೂ ಅಲ್ಲೇ ಇರುತ್ತದಾ?" ಎಂದು ಕೇಳಿದ್ದೀರಿ.

ಇಲ್ಲ. ಎಲ್ಲ ನೆನಪಿಗೂ ಮಿದುಳಿನ ಆ ಭಾಗವೇ ಮನೆ ಅನ್ನುವ ಹಾಗೆ ಬರೆದದ್ದು ನಮ್ಮ ತಪ್ಪು. ಲೆಕ್ಕ ಮುಗಿಯುವ ತನಕ ಮನಸ್ಸಿನಲ್ಲಿ ಹಿಡಿದುಕೊಳ್ಳುವ ನೆನಪು ಬೇರೆಯೇ. ಅದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ.

ಇದು ಗೊತ್ತಾದದ್ದು ಇಬ್ಬರು ರೋಗಿಗಳಿಂದ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ವಿಪರೀತ ಮೂರ್ಛೆರೋಗವಿತ್ತು. 1953ರಲ್ಲಿ ಆಪರೇಷನ್ ಮಾಡಿ ಮಿದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಆಮೇಲೆ ಆತನಿಗೆ ಹೊಸದಾಗಿ ನಡೆದದ್ದು ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ 584 ಎಂಬ ಸಂಖ್ಯೆ ಹೇಳಿ ಸುಮ್ನೆ ಬಿಟ್ಟಾಗ, ಅದನ್ನೇ ಮನಸ್ಸಿನಲ್ಲಿ ಹಿಡಿದುಕೊಂಡು ಕಾಲು ಗಂಟೆಯ ನಂತರ ಸರಿಯಾಗಿ ಹೇಳಿದ! ಗಮನ ಬೇರೆ ಕಡೆ ಹೋದ ಕ್ಷಣ ಸಂಖ್ಯೆ ಮಾಯ.

ಕೆ.ಎಫ್. ಎಂದು ಕರೆಯುವ ಇಂಗ್ಲೆಂಡಿನ ರೋಗಿಯದು ಇದಕ್ಕೆ ಪೂರ್ತಿ ಉಲ್ಟಾ. ಆತನ ಕತೆ 1970ರ ಸುಮಾರಿಗೆ ಬೆಳಕಿಗೆ ಬಂತು. ಪೆಟ್ಟು ಬಿದ್ದದ್ದು ಎಡ ಪೆರೈಟಲ್ ಭಾಗಕ್ಕೆ, ಅಂದರೆ ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ. ಕಿವಿಯಲ್ಲಿ ಕೇಳಿದ ಎರಡು ಅಂಕಿಯನ್ನು ತಿರುಗಿ ಹೇಳುವುದೇ ಅವನಿಗೆ ಕಷ್ಟ. ಹೊಸ ವಿಷಯ ಕಲಿತು ನೆನಪಿಟ್ಟುಕೊಳ್ಳಲು ಮಾತ್ರ ತೊಂದರೆ ಇರಲಿಲ್ಲ. ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗದ ಕೆಲಸ ಏನು? 1971ರಲ್ಲಿ ಫುಸ್ಟರ್ ಮತ್ತು ಅಲೆಕ್ಸಾಂಡರ್ ಎಂಬ ವಿಜ್ಞಾನಿಗಳು ಕೋತಿಗಳ ಮುಂದೆ ತಿಂಡಿ ಬಚ್ಚಿಟ್ಟು, ಪರದೆ ಇಳಿಸಿ ಕಾಯಿಸಿದರು. ಕಣ್ಣೆದುರು ಏನೂ ಇಲ್ಲದಿದ್ದರೂ ಅಲ್ಲಿನ ಕೆಲವು ನರಕೋಶಗಳು ಕಾಯುವಷ್ಟು ಹೊತ್ತೂ ಮಿಡಿಯುತ್ತಲೇ ಇದ್ದವು. ನೆನಪು ಇರುವುದೇ ಇಲ್ಲಿ ಎಂದು ಆಗ ಬಹಳ ಜನ ನಂಬಿದರು. ಆದರೆ 2009ರಲ್ಲಿ ಹ್ಯಾರಿಸನ್ ಮತ್ತು ಟಾಂಗ್, ಜನರು ಗೆರೆಗಳ ಓರೆಯನ್ನು ನೆನಪಿಟ್ಟುಕೊಂಡಿರುವಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಯಾವ ಓರೆ ಎಂಬ ಸುಳಿವು ತಲೆಯ ಹಿಂಭಾಗದಲ್ಲಿ, ಕಣ್ಣಿನ ಕೆಲಸ ನೋಡಿಕೊಳ್ಳುವ ಜಾಗದಲ್ಲೇ ಸಿಕ್ಕಿತು.

ನನಗೆ ಒಪ್ಪಿಗೆಯಾಗುವ ಚಿತ್ರ ಇದು: ಕಂಡದ್ದು ಕಾಣುವ ಜಾಗದಲ್ಲಿ, ಕೇಳಿದ್ದು ಕೇಳುವ ಜಾಗದ ಸುತ್ತಮುತ್ತ ಉಳಿದಿರುತ್ತದೆ. ಹಣೆಯ ಭಾಗ ಅದರ ಮೇಲಿನ ಗಮನ ಜಾರದಂತೆ ಕಾಯುತ್ತದೆ. ಎಡಗಡೆ ಮಾತಿನ ಬ್ರೋಕಾ ಭಾಗ "ದಶಕ ಒಂದು, ದಶಕ ಒಂದು" ಎಂದು ಒಳಗೊಳಗೇ ಗುನುಗುತ್ತದೆ. ಯಾವುದನ್ನು ಒಳಗೆ ಬಿಡಬೇಕು ಎಂಬುದರಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ಕೈಯೂ ಇದೆ.

ಈಗ ನಿಮ್ಮ ಹುಡುಗಿ. ಪ್ರೀಫ್ರಂಟಲ್ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಿರುತ್ತದೆ. ಭಯವಾದರೆ ಮೊದಲು ಮಂಕಾಗುವುದೂ ಅದೇ. ಎಲ್ಲರೆದುರು ಎದ್ದು ನಿಂತು ಹೇಳಬೇಕಾದಾಗ ಅವಳಿಗೆ ಜಾಸ್ತಿ ತಪ್ಪುತ್ತದಾ, ಗಮನಿಸಿ. ಬರೆದರೆ ಸರಿ ಬರುತ್ತದೆ ಅಂದರೆ ಕೂಡುವುದು ಅವಳಿಗೆ ಚೆನ್ನಾಗಿ ಗೊತ್ತು, ಅಲ್ವಾ? ಬಾಯಿಲೆಕ್ಕ ಮಾಡುವಾಗ ಆ ಒಂದಕ್ಕೆ ಒಂದು ಬೆರಳು ಮಡಚಿಕೊಳ್ಳಲಿ, ಬೈಯಬೇಡಿ. ಒಂದು ತಿಂಗಳು ನೋಡಿ, ಏನಾಯಿತು ಅಂತ ನನಗೆ ಬರೆಯಿರಿ.

— ಸಂಪಾದಕ