ಡೆಸ್ಕ್‌ಟಾಪ್ ಮಾರಿ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಡಿಕೋಡ್ ಗ್ರಾಫ್ ನೋಡಿ

ಮಾರಬೇಡಿ. ಕಾರಣ ಸ್ವಲ್ಪ ಉದ್ದವಿದೆ.

ನೀವು ಬರೆದದ್ದರ ಸಾರ ಇಷ್ಟು. ಶಿವಮೊಗ್ಗದ ಮನೆಯಲ್ಲಿ ಮದುವೆ ವಿಡಿಯೋ ಎಡಿಟಿಂಗ್. ಯಂತ್ರ ರೈಜನ್ 9 5900ಎಕ್ಸ್ ಪ್ರೊಸೆಸರ್, 64 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್. ಸಾಫ್ಟ್‌ವೇರ್ ಪ್ರೀಮಿಯರ್. ಹೊಸ ಸೋನಿ ಕ್ಯಾಮೆರಾದ 4ಕೆ ಫೂಟೇಜ್ ಟೈಮ್‌ಲೈನ್‌ನಲ್ಲಿ ತಡವರಿಸುತ್ತದೆ. ತಿಂಗಳಲ್ಲಿ ಏಳೆಂಟು ದಿನ ಹೊರ ಊರು. ಕರೆಂಟ್ ಹೋದರೆ ಕೆಲಸ ಹಾಳು. ಹಾಗಾಗಿ ಇದನ್ನು ಕೊಟ್ಟು ಒಂದೂವರೆ ಲಕ್ಷದ ಗೇಮಿಂಗ್ ಲ್ಯಾಪ್‌ಟಾಪ್ ತರೋಣವೇ ಅಂತ ಕೇಳಿದ್ದೀರಿ. ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ, ಮೂರಕ್ಕೂ ಔಷಧಿ ಬೇರೆ. ಲ್ಯಾಪ್‌ಟಾಪ್ ಮೂರನ್ನೂ ಒಟ್ಟಿಗೆ ವಾಸಿ ಮಾಡುವಂತೆ ಕಾಣುತ್ತದೆ, ಅಷ್ಟೇ.

ಮೊದಲು ತಡವರಿಕೆ. ಆ ಕ್ಲಿಪ್ ಒಂದನ್ನು ಪ್ಲೇ ಮಾಡುತ್ತಲೇ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಆರಿಸಿ, ಅಲ್ಲಿರುವ ಗ್ರಾಫ್‌ಗಳಲ್ಲಿ ‘ವಿಡಿಯೋ ಡಿಕೋಡ್’, ಅಂದರೆ ಒತ್ತಿ ಚಿಕ್ಕದಾಗಿಸಿದ ವಿಡಿಯೋವನ್ನು ಬಿಡಿಸುವ ಕೆಲಸ, ಅನ್ನುವುದನ್ನು ನೋಡಿ. ಅದು ಸೊನ್ನೆಗೆ ಅಂಟಿಕೊಂಡಿದ್ದು, ಸಿಪಿಯು ಮಾತ್ರ 80–100 ಶೇಕಡಾ ಓಡುತ್ತಿದ್ದರೆ ರೋಗ ಸಿಕ್ಕಿತು. ನಿಮ್ಮ ಕ್ಯಾಮೆರಾ ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ, ಅಂದರೆ ಎಚ್.265ರಲ್ಲಿ, 10 ಬಿಟ್ 4:2:2 ಬರೆಯುತ್ತಿದೆ ಎಂದು ಊಹಿಸುತ್ತೇನೆ. ಬಣ್ಣದ ವಿವರವನ್ನು 4:2:0ಗಿಂತ ಹೆಚ್ಚು ಉಳಿಸುವ ಈ 4:2:2 ಬಗೆಯನ್ನು ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಕಾರ್ಡ್‌ಗಳ ಡಿಕೋಡರ್ ಬಿಡಿಸುವುದಿಲ್ಲ. 5900ಎಕ್ಸ್‌ನಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಹಾಗಾಗಿ ಹನ್ನೆರಡು ಕೋರ್‌ಗಳು ಕೈಕೆಲಸ ಮಾಡಿದಂತೆ ಒಂದೊಂದೇ ಫ್ರೇಮ್ ಬಿಡಿಸುತ್ತ ಕೂತಿವೆ. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗೆ ಬಂದ ಲ್ಯಾಪ್‌ಟಾಪ್ ಚಿಪ್‌ಗಳ ಒಳಗಿನ ಗ್ರಾಫಿಕ್ಸ್, ಆಪಲ್‌ನ ಎಂ ಸರಣಿ, ಆರ್‌ಟಿಎಕ್ಸ್ 50 ಸರಣಿ ಇವೆಲ್ಲ ಇದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ. ಸ್ನೇಹಿತರ ಅರವತ್ತು ಸಾವಿರದ ಲ್ಯಾಪ್‌ಟಾಪ್‌ನಲ್ಲಿ ಇದೇ ಕ್ಲಿಪ್ ನೀರು ಹರಿದಂತೆ ಓಡಿದ್ದನ್ನು ಕಂಡು ‘ನನ್ನ ಮಷೀನ್ ಹಳತಾಯಿತು’ ಅನ್ನುವವರು ಬಹಳ. ಹಳತಾಗಿಲ್ಲ, ಆ ಒಂದು ಬೀಗದ ಕೀ ಅದರ ಬಳಿ ಇಲ್ಲ.

ಕಾಸು ಖರ್ಚಿಲ್ಲದ ಪರಿಹಾರ: ಕ್ಯಾಮೆರಾದಲ್ಲೇ 10 ಬಿಟ್ 4:2:0ಗೆ ಬದಲಿಸಿ. ಅದನ್ನು 3070 ಆರಾಮಾಗಿ ಬಿಡಿಸುತ್ತದೆ. ಹಸಿರು ಪರದೆಯ ಮುಂದೆ ಶೂಟ್ ಮಾಡುವವರಿಗೆ 4:2:2 ಬೇಕು. ಮಂಟಪ, ಆರತಕ್ಷತೆಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಅಪರೂಪ, ಮದುವೆ ಮನೆಯವರಿಗಂತೂ ಬೀಳುವುದೇ ಇಲ್ಲ. 4:2:2 ಬಿಡಲು ಮನಸ್ಸಿಲ್ಲದಿದ್ದರೆ ಇಂಟೆಲ್ ಆರ್ಕ್ ಎ380ಯಂಥ 75 ವ್ಯಾಟ್‌ನ ಚಿಕ್ಕ ಕಾರ್ಡನ್ನು ಎರಡನೇ ಸ್ಲಾಟ್‌ಗೆ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್, ಮೀಡಿಯಾ ವಿಭಾಗದಲ್ಲಿ ಇಂಟೆಲ್ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಟಿಕ್ ಮಾಡಿ. ಹಾಕುವ ಮೊದಲು ಮದರ್‌ಬೋರ್ಡ್‌ನ ಎರಡನೇ ಸ್ಲಾಟ್ 3070ಯ ದಪ್ಪ ಫ್ಯಾನ್‌ಗಳ ಕೆಳಗೆ ಮುಚ್ಚಿಹೋಗಿಲ್ಲವೇ ನೋಡಿಕೊಳ್ಳಿ. ಎಕ್ಸ್‌ಎವಿಸಿ ಎಸ್ ಬೇರೆ, ಅದು ಎಚ್.264. ಅದರ 4:2:2ಗೆ ಆರ್ಕ್ ಕಾರ್ಡ್ ಸಹಾಯ ಮಾಡದು, ಆರ್‌ಟಿಎಕ್ಸ್ 50 ಸರಣಿಯೇ ಬೇಕು. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಜನ ಎಡವುವುದು ಇಲ್ಲೇ.

ಇನ್ನು ಶಕ್ತಿಯ ಲೆಕ್ಕ. ಲ್ಯಾಪ್‌ಟಾಪ್‌ನ ಮೇಲೆ ಅಂಟಿಸಿದ ಹೆಸರು ಡೆಸ್ಕ್‌ಟಾಪ್ ಕಾರ್ಡ್‌ನ ಹೆಸರೇ ಆದರೂ ಒಳಗಿನ ಸಾಮಾನು ಬೇರೆ. ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4090ಯಲ್ಲಿ 16,384 ಕೋರ್, 24 ಜಿಬಿ ಮೆಮೊರಿ, 450 ವ್ಯಾಟ್. ಲ್ಯಾಪ್‌ಟಾಪ್ 4090ಯಲ್ಲಿ 9,728 ಕೋರ್, 16 ಜಿಬಿ, ಹೆಚ್ಚೆಂದರೆ 150 ವ್ಯಾಟ್ ಚಿಲ್ಲರೆ. ಡೆಸ್ಕ್‌ಟಾಪ್ 4070ಗೆ 12 ಜಿಬಿ, ಲ್ಯಾಪ್‌ಟಾಪ್ 4070ಗೆ 8 ಜಿಬಿ. 5070ರಲ್ಲೂ ಇದೇ ಕಥೆ: 12 ಅಲ್ಲಿ, 8 ಇಲ್ಲಿ. ನಿಮ್ಮ ಬಜೆಟ್‌ಗೆ ಸಿಗುವುದು 4060 ಅಥವಾ 5060 ವರ್ಗ, 8 ಜಿಬಿ. ನಿಮ್ಮ 3070ಯಲ್ಲೂ 8 ಜಿಬಿಯೇ ಇದೆ, ಅದು 220 ವ್ಯಾಟ್ ಕುಡಿಯುವ ಕಾರ್ಡ್. ಅಂದರೆ ಒಂದೂವರೆ ಲಕ್ಷ ಕೊಟ್ಟು, ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತೀರಿ. ನಾಯ್ಸ್ ತೆಗೆಯುವ ಎಫೆಕ್ಟ್ ಹಾಕಿದ ಉದ್ದದ ಎಕ್ಸ್‌ಪೋರ್ಟ್‌ಗಳಲ್ಲಿ ಹಿಂದೆಯೇ ಬೀಳಬಹುದು. ಯಾಕೆಂದರೆ ಲ್ಯಾಪ್‌ಟಾಪ್‌ನಲ್ಲಿ ಸಿಪಿಯು ಮತ್ತು ಜಿಪಿಯು ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡು ಬಿಸಿ ಹೊರಹಾಕುತ್ತವೆ. ಮೊದಲ ಎರಡು ನಿಮಿಷ ಇಬ್ಬರೂ ಜೋರು. ಆಮೇಲೆ ಸಿಪಿಯು 95–100 ಡಿಗ್ರಿ ಮುಟ್ಟಿದಾಗ ವ್ಯಾಟ್ ಇಳಿಸಿಕೊಂಡು ತೆವಳುತ್ತವೆ. ಯೂಟ್ಯೂಬ್ ವಿಮರ್ಶೆಗಳ ಸಣ್ಣ ಟೆಸ್ಟ್‌ಗಳಲ್ಲಿ ಇದು ಕಾಣುವುದಿಲ್ಲ, ಎರಡು ಗಂಟೆಯ ಮುಹೂರ್ತದ ವಿಡಿಯೋ ರೆಂಡರ್ ಮಾಡುವಾಗ ಕಾಣುತ್ತದೆ.

‘ಕರೆಂಟ್ ಬಿಲ್ ಉಳಿಯುತ್ತದೆ’ ಅನ್ನುವವರಿಗೆ ಬೇಗ ಲೆಕ್ಕ ಹೇಳಿಬಿಡುತ್ತೇನೆ. 180 ವ್ಯಾಟ್ ಉಳಿತಾಯ, ದಿನಕ್ಕೆ 6 ಗಂಟೆ, ತಿಂಗಳಿಗೆ ಸುಮಾರು 32 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 200 ರೂಪಾಯಿ ದಾಟದು.

ಹೊರ ಊರಿನ ಏಳೆಂಟು ದಿನಗಳ ವಿಷಯವೇ ನಿಜವಾದದ್ದು. ಆ ದಿನಗಳಲ್ಲಿ ನೀವು ಮಾಡುವುದೇನು? ಕ್ಲಿಪ್ ಆರಿಸುವುದು, ಕತ್ತರಿಸುವುದು, ಹಾಡಿಗೆ ಜೋಡಿಸುವುದು, ‘ಅತ್ತೆಯವರು ಎರಡು ಸಲ ಬಂದಿದ್ದಾರೆ, ನಮ್ಮ ಕಡೆಯವರು ಒಂದೇ ಸಲ’ ಅನ್ನುವ ತಕರಾರು ಸರಿಪಡಿಸುವುದು. ಇದಕ್ಕೆ ಕಾರ್ಡ್ ಬೇಡ. ಇಂಟೆಲ್ ಐ5 ಎಚ್ ಸರಣಿ, 16 ಜಿಬಿ ರ‍್ಯಾಮ್, ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇರುವ, ಒಂದೂವರೆ ಕಿಲೋ ಆಸುಪಾಸಿನ ಲ್ಯಾಪ್‌ಟಾಪ್ ಸಾಕು. ನಾನಾದರೆ ನಿಮ್ಮ ಬಜೆಟ್‌ನ ಅರ್ಧದಷ್ಟನ್ನೇ ಇಲ್ಲಿ ಹಾಕುತ್ತಿದ್ದೆ. ಇದೇ ಬೆಲೆಯ ರೈಜನ್ ಲ್ಯಾಪ್‌ಟಾಪ್ ಬೇರೆ ಕೆಲಸಕ್ಕೆ ಚೆನ್ನ, ಆದರೆ 4:2:2 ಅದರ ಕೈಲೂ ಆಗದು.

ಕೆಲಸ ಸಾಗಿಸುವುದು ಪ್ರಾಕ್ಸಿಗಳ, ಅಂದರೆ ಮೂಲ ಫೂಟೇಜ್‌ನ ಹಗುರ ನಕಲುಗಳ ಮೂಲಕ. ಫೂಟೇಜ್ ಬಂದ ರಾತ್ರಿ ಡೆಸ್ಕ್‌ಟಾಪ್‌ನಲ್ಲಿ 1080 ಸೈಜಿನ, ಪ್ರೋರೆಸ್ ಎಂಬ ಸುಲಭವಾಗಿ ಬಿಡಿಸಬಹುದಾದ ಬಗೆಯ ಪ್ರಾಕ್ಸಿಗಳನ್ನು ಮಾಡಲು ಬಿಟ್ಟು ಮಲಗಿ. 25 ಫ್ರೇಮ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 38 ಮೆಗಾಬಿಟ್, ಗಂಟೆಗೆ 17 ಜಿಬಿ. ಮೂರು ಕ್ಯಾಮೆರಾದ ಒಟ್ಟು 12 ಗಂಟೆ ಫೂಟೇಜ್ ಆದರೂ 205 ಜಿಬಿ. ಅದೇ ಮೂಲ ಫೈಲ್ 200 ಮೆಗಾಬಿಟ್‌ನಲ್ಲಿದ್ದರೆ ಒಂದು ಟಿಬಿ ದಾಟುತ್ತದೆ. ಪ್ರಾಕ್ಸಿಗಳನ್ನೂ ಪ್ರಾಜೆಕ್ಟ್ ಫೈಲನ್ನೂ 500 ಜಿಬಿಯ ಹೊರ ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಹೊರಡಿ. ವಾಪಸ್ ಬಂದು ಅದೇ ಪ್ರಾಜೆಕ್ಟ್ ತೆರೆದು, ಮೂಲ ಫೈಲ್‌ಗಳ ಮೇಲೆ ಕಲರ್ ಮಾಡಿ ಎಕ್ಸ್‌ಪೋರ್ಟ್ ಮಾಡಿ.

ಇಲ್ಲಿ ಕೆಡುವುದು ಸಣ್ಣ ಸಣ್ಣದು. ಕ್ಯಾಮೆರಾ ನಾಲ್ಕು ಆಡಿಯೋ ಚಾನೆಲ್ ಬರೆದು ಪ್ರಾಕ್ಸಿ ಎರಡೇ ಬರೆದರೆ ಪ್ರೀಮಿಯರ್ ಅದನ್ನು ಜೋಡಿಸಲು ಒಪ್ಪುವುದಿಲ್ಲ, ಪ್ರಾಕ್ಸಿ ಪ್ರಿಸೆಟ್‌ನಲ್ಲಿ ಚಾನೆಲ್ ಸಂಖ್ಯೆ ಹೊಂದಿಸಿ. ಹೊರ ಎಸ್‌ಎಸ್‌ಡಿಗೆ ಎರಡೂ ಯಂತ್ರಗಳಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಒಂದೇ ಡ್ರೈವ್ ಅಕ್ಷರ ಕೊಡಿ, ಎಕ್ಸ್ ಅಂತ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ‘ಮೀಡಿಯಾ ಆಫ್‌ಲೈನ್’ ಕೆಂಪು ಪರದೆಯ ದರ್ಶನ. ಎರಡರಲ್ಲೂ ಪ್ರೀಮಿಯರ್ ಒಂದೇ ಆವೃತ್ತಿ ಇರಲಿ, ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯದು. ಸೀಸನ್ ಮಧ್ಯೆ ಅಪ್‌ಡೇಟ್ ಬಟನ್ ಕಡೆ ಕೈ ಹೋಗದಿರಲಿ. ಎರಡೂ ವಿಂಡೋಸ್ ಆದ್ದರಿಂದ ಎಸ್‌ಎಸ್‌ಡಿಯನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಎಕ್ಸ್‌ಫ್ಯಾಟ್ ಆದರೆ ಕೇಬಲ್ ಕಿತ್ತ ಒಂದು ಗಳಿಗೆಯಲ್ಲಿ ಫೋಲ್ಡರ್‌ಗಳೇ ಹಾಳಾಗಬಹುದು.

ಕರೆಂಟ್ ಸಮಸ್ಯೆಗೆ ಯುಪಿಎಸ್ ಸಾಕು, ಆದರೆ ಅಳತೆ ತಪ್ಪಬೇಡಿ. ಅಂಗಡಿಯವರು ಕೊಡುವ 600 ವಿಎ ಡಬ್ಬಿ ಹೊರುವುದು ಸುಮಾರು 360 ವ್ಯಾಟ್. ನಿಮ್ಮದು ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಸಿಪಿಯು 142, ಕಾರ್ಡ್ 220, ಉಳಿದದ್ದು ಮತ್ತು ಮಾನಿಟರ್ ಸೇರಿ 440 ದಾಟುತ್ತದೆ. ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕಿರುಚಿ ತಾನೂ ಆರುತ್ತದೆ. ‘ಯುಪಿಎಸ್ ಇದ್ದೂ ಆಫ್ ಆಯಿತು’ ಅನ್ನುವ ದೂರುಗಳಲ್ಲಿ ಹೆಚ್ಚಿನವು ಇದೇ. 1000–1100 ವಿಎ, 600 ವ್ಯಾಟ್ ಎಂದು ಬರೆದಿರುವುದನ್ನು ತನ್ನಿ. ಅದು ಗಂಟೆಗಟ್ಟಲೆ ಓಡಿಸಲಿಕ್ಕಲ್ಲ, ಸೇವ್ ಮಾಡಿ ಮುಚ್ಚುವಷ್ಟು ಹೊತ್ತಿಗೆ. ಪ್ರಿಂಟರ್ ಅದಕ್ಕೆ ಸಿಕ್ಕಿಸಬೇಡಿ.

ಇಷ್ಟೆಲ್ಲ ಕೇಳಿಯೂ ಒಂದೇ ಯಂತ್ರ ಬೇಕು ಅನ್ನಿಸಿದರೆ? ತಿಂಗಳಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಹೊರಗಿದ್ದು, ಎಕ್ಸ್‌ಪೋರ್ಟ್ ಕೂಡ ಅಲ್ಲೇ ಮುಗಿಸಿ ಕೊಡಬೇಕಾದವರಿಗೆ ಅದು ಸರಿ. ಆಗ ಕಾರ್ಡ್‌ನ ಹೆಸರಿಗಿಂತ ಅದರ ವ್ಯಾಟ್ ಕೇಳಿ. 4060 ಒಂದೇ ಹೆಸರಿನಲ್ಲಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಮಾರಾಟದಲ್ಲಿದೆ, ತೆಳ್ಳಗಿನ ಚೆಂದದ ಲ್ಯಾಪ್‌ಟಾಪ್‌ಗಳಲ್ಲಿ ಕಡಿಮೆಯದೇ ಇರುತ್ತದೆ. ಪರದೆ ತೋರಿಸುವ ಬಣ್ಣಗಳ ವ್ಯಾಪ್ತಿ ನೂರು ಶೇಕಡಾ ಎಸ್‌ಆರ್‌ಜಿಬಿ ಇರಲಿ. ‘45 ಶೇಕಡಾ ಎನ್‌ಟಿಎಸ್‌ಸಿ’ ಅಂತಿದ್ದರೆ ರೇಷ್ಮೆ ಸೀರೆಯ ಕೆಂಪು ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ, ನೀವು ಅದನ್ನು ಸರಿಪಡಿಸಲು ಹೋಗಿ ಒಳ್ಳೆಯ ಬಣ್ಣವನ್ನೇ ಕೆಡಿಸುತ್ತೀರಿ. ರ‍್ಯಾಮ್ ಬೋರ್ಡ್‌ಗೆ ಬೆಸುಗೆಯಾಗಿದ್ದರೆ 32 ಜಿಬಿಗಿಂತ ಕಡಿಮೆ ಬೇಡ. ಜಿಪಿಯು ಮಾತ್ರ ಓಡಿಸುವ ಮೋಡ್‌ಗೆ ಬದಲಿಸಿದರೆ ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಗ್ರಾಫಿಕ್ಸ್ ಆಫ್ ಆಗುತ್ತದೆ. ಆಗ 40 ಸರಣಿ ಕಾರ್ಡ್ ಇದ್ದವರಿಗೆ ಮತ್ತೆ ಅದೇ ತಡವರಿಕೆ, ಹೈಬ್ರಿಡ್ ಮೋಡ್‌ನಲ್ಲೇ ಬಿಡಿ. ಬ್ಯಾಟರಿ ವಿಷಯದಲ್ಲಿ ಕನಸು ಬೇಡ: ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಕೊಂಡೊಯ್ಯುವ ಮಿತಿ 100 ವ್ಯಾಟ್-ಅವರ್ ಆದ್ದರಿಂದ ದೊಡ್ಡ ಲ್ಯಾಪ್‌ಟಾಪ್‌ಗಳೂ ಅದರೊಳಗೇ ನಿಲ್ಲುತ್ತವೆ, 150 ವ್ಯಾಟ್ ಎಳೆದರೆ 40 ನಿಮಿಷ. ಮುಕ್ಕಾಲು, ಒಂದು ಕಿಲೋ ತೂಗುವ ಚಾರ್ಜರ್ ಬ್ಯಾಗಿನಲ್ಲಿ ಇದ್ದೇ ಇರಬೇಕು. 100 ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್ ಸಿಕ್ಕಿಸಿ ರೆಂಡರ್‌ಗೆ ಕೂತರೆ ಚಾರ್ಜ್ ಆಗುತ್ತಲೇ ಬ್ಯಾಟರಿ ಇಳಿಯುವ ವಿಚಿತ್ರ ನೋಡುತ್ತೀರಿ.

ತಂದ ಮೇಲೆ, ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲೇ, ನಿಮ್ಮದೇ ಒಂದು ಪ್ರಾಜೆಕ್ಟನ್ನು ಬಿಡುವು ಕೊಡದೆ ನಾಲ್ಕು ಸಲ ಎಕ್ಸ್‌ಪೋರ್ಟ್ ಮಾಡಿ ಸಮಯ ಬರೆದಿಡಿ. ಪಕ್ಕದಲ್ಲಿ ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯುಇನ್‌ಫೋ64 ತೆರೆದಿರಲಿ. ನಾಲ್ಕನೆಯದು ಮೊದಲನೆಯದಕ್ಕಿಂತ ಕಾಲು ಭಾಗ ನಿಧಾನವಾದರೆ ತಂಪು ಮಾಡುವ ವ್ಯವಸ್ಥೆ ಸಾಲದು. ಹಿಂಭಾಗ ಎರಡು ಇಂಚು ಎತ್ತಿಟ್ಟು ಇನ್ನೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ವಾಪಸ್ ಕೊಡಿ.

ಆಗ ಡೆಸ್ಕ್‌ಟಾಪ್ ಮಾರುವುದಾದರೂ ಇಡಿಯಾಗಿ ಕೊಡಬೇಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕ್ಯಾಬಿನೆಟ್, ಪವರ್ ಸಪ್ಲೈಗಳಿಗೆ ಬೆಲೆ ಕಟ್ಟುವವರು ಕಡಿಮೆ, ಕಾರ್ಡ್, ಸಿಪಿಯು, ರ‍್ಯಾಮ್ ಬಿಡಿಯಾಗಿ ಹೆಚ್ಚು ತರುತ್ತವೆ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿರುವುದರಿಂದ ಆ 64 ಜಿಬಿಯನ್ನು ಹಳೆಯ ದರಕ್ಕೆ ಬಿಟ್ಟುಕೊಡಬೇಡಿ. ಅದು ಲ್ಯಾಪ್‌ಟಾಪ್‌ಗೆ ಕೂರುವುದಿಲ್ಲ, ಆಕಾರವೇ ಬೇರೆ. ಎಂ.2 ಎಸ್‌ಎಸ್‌ಡಿ ಮಾತ್ರ ಹೀಟ್‌ಸಿಂಕ್ ಕಳಚಿದರೆ ಸಾಮಾನ್ಯವಾಗಿ ಕೂರುತ್ತದೆ. ಕಳಚುವ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹಳೆಯ 3.5 ಇಂಚಿನ ಹಾರ್ಡ್‌ಡಿಸ್ಕ್‌ಗಳಿಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿ ಕೇಬಲ್‌ಗೆ ತಿರುಗವು, ಸ್ವಂತ ಅಡಾಪ್ಟರ್ ಇರುವ ಡಾಕ್ ತನ್ನಿ.